ಮದುವೆ ಮನೆಯಲ್ಲಿ ಒತ್ತಬಾರದ ಬಟನ್

ಆ ಮೊಳೆಯೊಂದನ್ನು ಹೊಡೆಯದೇ ಇದ್ದಿದ್ದರೆ ಕೆಂಚೇಶ ಅವತ್ತು ಹೊಟ್ಟೆ ತುಂಬ ಉಂಡು, ಫೋಟೊದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿರುತ್ತಿದ್ದ.

ಹೊನ್ನಾಳಿಯ ಒಂದು ಕಲ್ಯಾಣ ಮಂಟಪದ ಅಡುಗೆ ಕೋಣೆ. ಬೆಳಗಿನ ಜಾವ ನಾಲ್ಕು ಗಂಟೆ. ಅಡುಗೆ ಕಾಂಟ್ರಾಕ್ಟರ್ ರಘುನಾಥರು ನೀರಿನ ಡ್ರಮ್ಮಿನ ಮೇಲಿನ ಗೋಡೆಗೆ ಟಕಟಕ ಅಂತ ಮೊಳೆ ಹೊಡೆದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಮೊಬೈಲನ್ನು ಅದಕ್ಕೆ ನೇತುಹಾಕಿದರು. ದೇವರ ಪಟ ಹಾಕಿದವರಂತೆ ಎರಡು ಹೆಜ್ಜೆ ಹಿಂದೆ ಸರಿದು, ನೆಟ್ಟಗಿದೆಯಾ ಅಂತ ನೋಡಿದರು. ಕೈ ಮುಗಿಯುವುದೊಂದು ಬಾಕಿ ಇತ್ತು.

ಹಿಂದಿನ ವಾರ ರಘುನಾಥರು ದಾವಣಗೆರೆಗೆ ಹೋಗಿ, ವ್ಯಾಪಾರ ಬೆಳೆಸುವುದು ಹೇಗೆ ಅಂತ ಒಂದು ದಿನದ ತರಬೇತಿ ಮುಗಿಸಿ ಬಂದಿದ್ದರು. ಹೋಗುವಾಗ ಒಳ್ಳೆಯ ಮನುಷ್ಯರಾಗಿಯೇ ಹೋಗಿದ್ದರು. ಬರುವಾಗ ಒಂದು ಸರ್ಟಿಫಿಕೇಟು, ಒಂದು ಪೆನ್ನು, ಮತ್ತೆ ಈ ಆ್ಯಪ್ ತಂದಿದ್ದರು.

"ಎಲ್ರೂ ಇಲ್ಲಿ ನೋಡ್ರಿ," ಅಂದರು. "ಇವತ್ತಿನ ಕೆಲ್ಸ ಎಲ್ಲಾ ಇದ್ರಾಗೆ ಪಟ್ಟಿ ಆಗೈತೆ. ಬೆಳ್ಳುಳ್ಳಿ ಸುಲಿಯೋದು, ಬದನೇಕಾಯಿ ಹೆಚ್ಚೋದು, ಹೂರಣ ರುಬ್ಬೋದು, ಹಂಡೆ ತೊಳೆಯೋದು, ಎಲ್ಲಾ. ಒಂದೊಂದು ಕೆಲ್ಸದ ಮುಂದೂ ನಿಮ್ಮೆಲ್ರ ಫೋಟೊ ಅದಾವೆ. ಕೆಲ್ಸ ಹಿಡಿಯೋ ಮುಂಚೆ ನಿಮ್ಮ ಫೋಟೊ ಒತ್ರಿ, ಗಡಿಯಾರ ಓಡಾಕೆ ಹತ್ತುತೈತೆ. ಆದ ಮ್ಯಾಲೆ 'ಮುಗಿಯಿತು' ಅಂತ ಒತ್ರಿ, ನಿಲ್ಲುತೈತೆ. ಯಾರು ಎಷ್ಟು ಹೊತ್ತು ದುಡಿದ್ರು ಅನ್ನೋದು ಕುಂತಲ್ಲೇ ನನ್ನ ಫೋನ್ನಾಗೆ ಕಾಣ್ತೈತೆ."

ಒಲೆ ನೋಡಿಕೊಳ್ಳುವ ರಸೂಲ್ ತಲೆ ಕೆರೆದುಕೊಂಡ. "ಸಾವ್ಕಾರ್ರೆ, ನಾವು ಎಲ್ರೂ ಕೂಡಿ ಮಾಡೋ ಕೆಲ್ಸ. ಅದು ಯಾರ್ದು ಅಂತ ಹೆಂಗೆ ಒತ್ತೋದ್ರೀ?"

"ಅದಕ್ಕೇ ತಂದಿರೋದು. ಕೂಡಿ ಮಾಡ್ರಿ, ಬ್ಯಾರೆ ಬ್ಯಾರೆ ಒತ್ರಿ." ರಘುನಾಥರು ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಹಾಂ, ಇನ್ನೊಂದು. ಫೋನು ಎಂಟು ತಾಸು ತೋರಿಸೋ ತನಕ ಯಾರೂ ಮನೀಗೆ ಹೋಗಂಗಿಲ್ಲ."

ಉಳಿದವರು ಗೊಣಗಿದರು. ಕೆಂಚೇಶ ಮಾತ್ರ ಬೆರಳು ಮಡಚಿ ಎಣಿಸಿ ಖುಷಿಯಾದ. ನಾಲ್ಕಕ್ಕೆ ಶುರು ಮಾಡಿದರೆ ಹನ್ನೆರಡಕ್ಕೆ ಎಂಟು ತಾಸು. ಊಟದ ಮೊದಲ ಸಾಲು ಎದ್ದ ಮೇಲೆ ಹೊರಟರೂ ನ್ಯಾಮತಿ ಮೇಲೆ ಹೋಗುವ ಬಸ್ಸು ಹಿಡಿದು ಸಂಜೆಯೊಳಗೆ ಸವಳಂಗ ಸೇರಬಹುದು. ಅಲ್ಲಿ ಅವನು ಇವತ್ತು ಮುಖ ತೋರಿಸದಿದ್ದರೆ ಗತಿಯಿರಲಿಲ್ಲ.

ವಿಷಯ ಇಷ್ಟೇ. ಅವನ ಹೆಂಡತಿ ಅಂಬಿಕಾಳ ತಂಗಿ ಲಕ್ಷ್ಮೀದೇವಿ ಏಳು ತಿಂಗಳ ಬಸುರಿ. ಸವಳಂಗದ ತವರಿನಲ್ಲಿ ಅವಳಿಗೆ ಅವತ್ತು ಸಂಜೆ ಕುಬುಸ, ಅಂದರೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಆರತಿ ಎತ್ತುವ ಶಾಸ್ತ್ರ. ಅಂಬಿಕಾ ಎರಡು ದಿನ ಮೊದಲೇ ಹೋಗಿದ್ದಳು. ಇದಕ್ಕೆ ಹಿಂದೆ ಅವಳ ಅಣ್ಣನ ಮದುವೆಯಾದಾಗ ಕೆಂಚೇಶ ಹೋಗಿದ್ದನಪ್ಪ, ಹೋಗದೇ ಏನು. ಆದರೆ ಬಡಿಸುವ ಕೈ ಸುಮ್ಮನಿರಬೇಕಲ್ಲ? ಯಾರೋ ಸಾರು ಅಂದರು, ಇವನು ಬಕೀಟು ಹಿಡಿದ. ಅಷ್ಟು ದಪ್ಪದ ಆಲ್ಬಮ್ಮಿನಲ್ಲಿ ಅವನು ಬಂದಿರುವುದು ಒಂದೇ ಒಂದು ಫೋಟೊದಲ್ಲಿ, ಅದರಲ್ಲೂ ಮೊಣಕೈವರೆಗೆ. ಮನೆಗೆ ಬಂದವರಿಗೆಲ್ಲ ಅಂಬಿಕಾ ಆ ಪುಟ ತೆಗೆದು, ಸಾರಿನ ಬಕೀಟು ಹಿಡಿದ ಒಂದು ಕೈಗೆ ಬೆರಳಿಟ್ಟು, "ಇವ್ರೇ ನಮ್ಮ ಯಜಮಾನ್ರು" ಅಂತ ತೋರಿಸುತ್ತಿದ್ದಳು.

ಈ ಸಲ ಬಸ್ಸು ಹತ್ತುವ ಮುಂಚೆ ಅವಳು ಹೇಳಿದ್ದು ಒಂದೇ ಮಾತು. "ರೀ, ನೀವು ಹೂವು ತರಬ್ಯಾಡ್ರಿ, ಹಣ್ಣು ತರಬ್ಯಾಡ್ರಿ. ಬರೀ ನಿಮ್ಮ ಮುಖ ತಗೊಂಡು ಬರ್ರಿ. ನನ್ನ ಪಕ್ಕದಾಗೆ ನಿಂತು ಒಂದು ಫೋಟೊ ಆಗ್ಲೇಬೇಕು."

ಈಗ ಮೊಳೆಗೆ ಬರೋಣ.

ಕೆಂಚೇಶ ಬೆಳ್ಳುಳ್ಳಿಯ ಮುಂದೆ ತನ್ನ ಫೋಟೊ ಒತ್ತಿದ. ಗಡಿಯಾರ ಓಡತೊಡಗಿತು. ನಾಲ್ಕು ಹಿಡಿ ಬೆಳ್ಳುಳ್ಳಿ ಸುಲಿಯುವುದರೊಳಗೆ ರಸೂಲ್ ಕೂಗಿದ, "ಕೆಂಚಣ್ಣಾ, ಈ ಡಬರಿಗೆ ಒಂದು ಕೈ ಹಾಕು!" ಕೆಂಚೇಶ ಪ್ರಾಮಾಣಿಕ ಪ್ರಾಣಿ. ಬೆಳ್ಳುಳ್ಳಿ ಬಿಟ್ಟು ಹೋಗುವಾಗ ಬೆಳ್ಳುಳ್ಳಿಯ ಗಡಿಯಾರ ಓಡುವುದು ಸರಿಯಲ್ಲ ಅಂತ ಫೋನಿನ ಹತ್ತಿರ ಹೋಗಿ 'ಮುಗಿಯಿತು' ಒತ್ತಿದ.

ಹಿಂದಿನಿಂದ ಒಂದು ಸೌಟು ಬಂದು ಅವನ ಬೆನ್ನಿಗೆ ಬಡಿಯಿತು.

ಸೌಟಿನ ಆ ತುದಿಯಲ್ಲಿ ಕರಿಬಸಮ್ಮ ಇದ್ದಳು. ಜಗಳೂರು ಕಡೆಯ ಸೊಕ್ಕೆ ಅನ್ನೋ ಊರಿನವಳು, ತಂಡದ ಹಿರಿಯಳು. ಅವಳ ಹೋಳಿಗೆ ತಿಂದವರು ಅವಳ ಬೈಗುಳವನ್ನೂ ಸಹಿಸಿಕೊಳ್ಳುತ್ತಿದ್ದರು. "ಏನ್ಲಾ ಒತ್ತಿದ್ದು ನೀನು?"

"ಮುಗೀತು ಅಂತ, ಕರಿಬಸಕ್ಕಾ."

"ಥೂ ನಿನ್ನ! ಮದುವಿ ಮನ್ಯಾಗೆ, ಇನ್ನೂ ತಾಳಿ ಬೀಳೋ ಮುಂಚೆ, ಮುಗೀತು ಅಂತೀಯಾ? ನಾನು ಅಕ್ಕಿ ಖಾಲಿ ಆದ್ರೂ ಅಕ್ಕಿ ಹೆಚ್ಚಾತು ಅನ್ನೋಳು. ದೀಪ ಆರಿದ್ರೂ ದೀಪ ದೊಡ್ಡದಾತು ಅನ್ನೋಳು. ಹೆಣ್ಣು ಗಂಡನ ಮನಿ ಗಾಡಿ ಹತ್ತೋ ತನಕ ಆ ಬಟನ್ ಯಾರಾದ್ರೂ ಮುಟ್ಟಿದ್ರೆ ನೋಡ್ರಿ, ಕೈಗೆ ಬರೆ ಹಾಕ್ತೀನಿ!"

ಅಡುಗೆ ಕೋಣೆಯಲ್ಲಿ ಎಲ್ಲರೂ ಕೆನ್ನೆ ಬಡಿದುಕೊಂಡರು. ಅಲ್ಲಿಗೆ, ಬೆಳಿಗ್ಗೆ ತಮ್ಮ ತಮ್ಮ ಕೆಲಸಕ್ಕೆ ಒತ್ತಿದವರ ಗಡಿಯಾರಗಳೆಲ್ಲ ನಿಲ್ಲದೇ ಓಡತೊಡಗಿದವು. ರಸೂಲ್ ಒಲೆಗೆ ಒತ್ತಿದ್ದ, ಕರಿಬಸಮ್ಮ ಹೂರಣಕ್ಕೆ ಒತ್ತಿದ್ದಳು. ಚಹಾ ಕುಡಿಯುವಾಗಲೂ ಅವರ ಗಡಿಯಾರ ಓಡಿತು, ಹರಟೆ ಹೊಡೆಯುವಾಗಲೂ ಓಡಿತು. ಮೊದಲೇ ಒತ್ತಿ, ಮೊದಲೇ ನಿಲ್ಲಿಸಿ ಕೂತವನು ಇಡೀ ತಂಡದಲ್ಲಿ ಕೆಂಚೇಶ ಒಬ್ಬನೇ.

ಮತ್ತೆ ಒತ್ತಿದರಾಯಿತಲ್ಲ ಅಂತ ನೀವು ಅನ್ನಬಹುದು. ಅದು ನಿಮಗೆ ಸುಲಭ. ಫೋನಿದ್ದದ್ದು ಕೋಣೆಯ ಆ ಕಡೆ, ಕೆಂಚೇಶನಿದ್ದದ್ದು ಈ ಕಡೆ, ನಡುವೆ ಇದ್ದವರೆಲ್ಲ ಅವನ ಪರಿಚಯದವರು. ಡಬರಿ ಇಳಿಸಿ ಫೋನಿನ ಕಡೆ ಹೊರಟ. ಬದನೇಕಾಯಿ ಹೆಚ್ಚುವವರು, "ಕೆಂಚಾ, ಆ ನೀರು ಚೆಲ್ಲಿ ಬ್ಯಾರೆ ನೀರು ತಾರಪ್ಪ" ಅಂದರು. ನೀರು ತಂದು ಹೊರಟ. ಕಾಯಿ ತುರಿಯುವವಳು ಬೆರಳು ಕೊಯ್ದುಕೊಂಡಳು, ಅವಳ ಕಾಯಿ ಇವನು ತುರಿದ. ತುರಿದು ಎದ್ದ, ಕರಿಬಸಮ್ಮ, "ಲೇ, ಉಪ್ಪು ನೋಡು" ಅಂತ ಅಂಗೈಗೆ ಸಾರು ಹಾಕಿದಳು. ಒಮ್ಮೆ ಮಾತ್ರ ಅವನು ನಿಜಕ್ಕೂ ಫೋನಿನ ಮುಂದೆ ನಿಂತಿದ್ದ. ಆದರೆ ಕೈತುಂಬ ಕಣಕದ ಹಿಟ್ಟು. ಬೆರಳಿನಿಂದ ಒತ್ತಿದ, ಫೋನು ಒಪ್ಪಲಿಲ್ಲ. ಮೊಣಕೈಯಿಂದ ಒತ್ತಿದ, ಒಪ್ಪಲಿಲ್ಲ. ಕೊನೆಗೆ ಮೂಗಿನಿಂದ ಒತ್ತಲು ಬಗ್ಗಿದಾಗ ಹೆಣ್ಣಿನ ಕಡೆಯ ಹೆಂಗಸೊಬ್ಬಳು ಒಳಗೆ ಬಂದು, "ಕನ್ನಡಿ ಅಲ್ಲೈತೇನ್ರೀ? ಸರೀರಿ, ನಾನೂ ಸ್ವಲ್ಪ ತಲೆ ನೋಡ್ಕೋತೀನಿ" ಅಂದಳು. ಕೆಂಚೇಶ ಪಾಪ ಸರಿದು ನಿಂತು ಅವಳಿಗೆ ಜಾಗ ಬಿಟ್ಟ.

ಅಂತೂ ತಾಳಿ ಬಿತ್ತು, ಅಕ್ಷತೆ ಬಿತ್ತು, ಊಟದ ಮೊದಲ ಸಾಲು ಎದ್ದಿತು. ಕೆಂಚೇಶ ಮುಖ ತೊಳೆದು, ತಲೆಗೆ ನೀರು ಸವರಿಕೊಂಡು, ಮಂಟಪದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ರಘುನಾಥರ ಹತ್ತಿರ ಹೋದ.

"ಸಾವ್ಕಾರ್ರೆ, ನಾನಿನ್ನು ಬರ್ತೀನ್ರಿ. ನಾದಿನಿ ಕುಬುಸ ಐತೆ, ಸವಳಂಗಕ್ಕೆ ಹೋಗ್ಬೇಕು."

ರಘುನಾಥರು ತಮ್ಮ ಫೋನು ತೆಗೆದು, ಕನ್ನಡಕ ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ ನೋಡಿದರು. "ಕೆಂಚೇಶಿ, ಬೆಳಿಗ್ಗಿಂದ ನೀನು ದುಡಿದಿರೋದು ಹನ್ನೆರಡು ನಿಮಿಷ."

"ಹಾಂ?"

"ಹನ್ನೆರಡು ನಿಮಿಷ. ಅದೂ ಬೆಳ್ಳುಳ್ಳಿ."

"ಅಯ್ಯೋ ಸಾವ್ಕಾರ್ರೆ! ನೋಡ್ರಿ, ನನ್ನ ಅಂಗೈ ನೋಡ್ರಿ ಹೆಂಗಾಗೈತೆ!"

"ಅಂಗೈ ಯಾರದ್ದು ಬೇಕಾದ್ರೂ ಕೆಂಪಾಗ್ತೈತಪ್ಪಾ. ಫೋನು ಸುಳ್ಳು ಹೇಳಲ್ಲ. ತರಬೇತಿನಾಗೆ ಮೊದಲನೇ ಪಾಠಾನೇ ಅದು." ರಘುನಾಥರು ಕೋಪದ ಮನುಷ್ಯರಲ್ಲ, ಅವನ ಬೆನ್ನು ತಟ್ಟಿಯೇ ಹೇಳಿದರು. "ಹೋಗು, ಇನ್ನು ಏಳು ಮುಕ್ಕಾಲು ತಾಸು ದುಡಿ. ರಾತ್ರಿ ಲಾಸ್ಟ್ ಬಸ್ಸು ಸಿಗ್ತೈತೆ."

ರಾತ್ರಿ ಹೋಗಿ ಯಾರಿಗೆ ಮುಖ ತೋರಿಸುವುದು? ಕೆಂಚೇಶ ಅಡುಗೆ ಕೋಣೆಗೆ ಬಂದು ಬಾಳೆ ಎಲೆಯ ಕಟ್ಟಿನ ಮೇಲೆ ಕುಸಿದು ಕೂತ. ಕಣ್ಣಲ್ಲಿ ನೀರೇ ಬಂತು. ಹೊಗೆಯಿಂದ ಬಂದದ್ದು ಅಂತ ಹೇಳೋಣ ಅಂದರೆ ಅಲ್ಲಿದ್ದದ್ದು ಗ್ಯಾಸಿನ ಒಲೆ.

"ಏನಾತ್ಲಾ?" ಅಂದಳು ಕರಿಬಸಮ್ಮ.

ಕೆಂಚೇಶ ಹೇಳಿದ. ಹನ್ನೆರಡು ನಿಮಿಷದ್ದೂ ಹೇಳಿದ, ಸಾರಿನ ಬಕೀಟು ಹಿಡಿದ ಕೈಯದ್ದೂ ಹೇಳಿದ. ಬದನೇಕಾಯಿಯವರು ಕಾಯಿಯವಳ ಮುಖ ನೋಡಿದರು, ಕಾಯಿಯವಳು ತನ್ನ ಬೆರಳಿನ ಪಟ್ಟಿ ನೋಡಿಕೊಂಡಳು.

ರಸೂಲ್ ಮೊದಲು ಬಾಯಿಬಿಟ್ಟ. "ನನ್ನ ಡಬರಿ ಇಳಿಸಿದ್ದು ಕೆಂಚಣ್ಣನೇ ಅಲ್ಲೇನ್ರೀ."

"ನನ್ನ ಕಾಯಿ ತುರಿದೋನೂ ಅವನೇ," ಅಂದಳು ಕಾಯಿಯವಳು.

ಕರಿಬಸಮ್ಮ ಸೊಂಟಕ್ಕೆ ಸೆರಗು ಸಿಗಿಸಿದಳು. "ನಮ್ಮೂರ ಕಡೆ ಒಬ್ರ ಹೊಲದಾಗೆ ಇನ್ನೊಬ್ರು ದುಡಿದ್ರೆ ಅದು ಮುಯ್ಯಿ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮುಯ್ಯಿ ಉಳಿಸ್ಕೊಂಡೋರಿಗೆ ನಿದ್ದೆ ಬರಲ್ಲ. ಬೆಳಿಗ್ಗಿಂದ ಇವ್ನು ನಮ್ಮೆಲ್ರ ಕೆಲ್ಸ ಮಾಡ್ಯಾನೆ, ಇನ್ನು ಇವ್ನ ಹೆಸರಿನಾಗೆ ನಾವು ಮಾಡ್ತೀವಿ. ರಸೂಲಾ, ಒತ್ತು ಇವ್ನ ಫೋಟೊ!"

"ಯಾವ ಕೆಲ್ಸಕ್ಕೆ ಅಕ್ಕಾ?"

"ಹಂಡೆ ತೊಳೆಯಾಕೆ ಒತ್ತು. ಅದು ಇವ್ನು ಮಾಡೋನೇ ಇದ್ದ."

ರಸೂಲ್ ಕೈ ಒರೆಸಿಕೊಂಡು ಒತ್ತಿದ. ಫೋನಿನಲ್ಲಿ ಕೆಂಚೇಶನ ಮುಖ ಹಸಿರಾಗಿ ಮಿನುಗಿತು. ಕಾಯಿಯವಳು ಎದ್ದು ತನ್ನ ಪಾಲಿನ ಮುಯ್ಯಿ ಅಂತ ತಾಂಬೂಲ ಕಟ್ಟುವುದಕ್ಕೆ ಒತ್ತಿದಳು. ಬದನೇಕಾಯಿಯವರು ನೆಲ ಒರೆಸುವುದಕ್ಕೆ ಒತ್ತಿದರು. ನಾನೂ ಒತ್ತುತ್ತೇನೆ, ನಂದೂ ಇರಲಿ ಅಂತ ಸಾಲು ಹಚ್ಚಿದರು. ಕರಿಬಸಮ್ಮ ಕೊನೆಯವಳಾಗಿ ಬಂದು, ಕನ್ನಡಕವಿಲ್ಲದೇ, ಕಂಡ ಕಡೆ ಒಂದು ಒತ್ತಿದಳು. ಒಟ್ಟು ಏಳಾಯಿತು.

"ಕೆಂಚಣ್ಣಾ, ನೀನು ಹೋಗು," ಅಂದ ರಸೂಲ್. "ನಿನ್ನ ಫೋಟೊ ಇಲ್ಲಿ ದುಡೀತೈತೆ."

"ಎಂಟು ತಾಸು ಆದ ಕೂಡ್ಲೆ ನಿಲ್ಲಿಸ್ರಿ, ಮರೀಬ್ಯಾಡ್ರಿ," ಅಂತ ಕೆಂಚೇಶ ಹಿತ್ತಿಲ ಬಾಗಿಲಿನಿಂದ ಕೂಗಿದ.

"ಹೆಣ್ಣು ಗಾಡಿ ಹತ್ತೋ ತನಕ ನಿಲ್ಲಿಸಂಗಿಲ್ಲ!" ಅಂತ ಕರಿಬಸಮ್ಮ ಒಳಗಿನಿಂದ ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಅವನಾಗಲೇ ಬಸ್‌ಸ್ಟ್ಯಾಂಡಿನ ಹಾದಿ ಹಿಡಿದಿದ್ದ. ಹೆಣ್ಣನ್ನು ಕಳಿಸುವುದು ಮರುದಿನ ಬೆಳಿಗ್ಗೆ ಅನ್ನುವುದನ್ನು ಅವನೂ ಮರೆತಿದ್ದ, ಅವಳೂ ಹೇಳಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಜೀವನದಲ್ಲಿ ಇಷ್ಟು ಖುಷಿಯಾದ ಬಸ್ ಪ್ರಯಾಣವನ್ನು ಕೆಂಚೇಶ ಮಾಡಿರಲಿಲ್ಲ. ಒಂದು ಕಡೆ ಗಾಳಿ ಬೀಸುತ್ತಿದೆ, ಇನ್ನೊಂದು ಕಡೆ ತಾನು ದುಡಿಯುತ್ತಿದ್ದೇನೆ! ನ್ಯಾಮತಿ ಹತ್ತಿರ ಬಂದಾಗ ರಸೂಲನ ಫೋನು ಬಂತು.

"ಏನ್ ರಸೂಲಾ, ನಾನು ಈಗ ಏನು ಮಾಡ್ತಿದೀನಿ?" ಅಂದ ಕೆಂಚೇಶ.

ಪಕ್ಕದ ಸೀಟಿನ ಮುದುಕ ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿ ಇವನ ಕಡೆ ನೋಡಿದ.

"ಹಂಡೆ ತೊಳೀತಿದೀಯ," ಅಂದ ರಸೂಲ್.

"ಇನ್ನೂ ಅದೇ ಹಂಡೇನಾ?"

"ಅದೇ. ಅದನ್ನ ತೊಳೀತಾ ತೊಳೀತಾನೇ ತಾಂಬೂಲ ಕಟ್ತಿದೀಯ, ನೆಲ ಒರೆಸ್ತಿದೀಯ, ಸಾಮಾನು ಎಣಿಸ್ತಿದೀಯ. ಕರಿಬಸಕ್ಕ ನಿನ್ನನ್ನ ಹೋಳಿಗೆಗೂ ಹಚ್ಚ್ಯಾಳೆ."

"ನನಗೆ ಹೋಳಿಗೆ ತಟ್ಟಾಕೆ ಬರಲ್ವಲ್ಲೋ! ಸಾವ್ಕಾರ್ರು ನೋಡಿದ್ರಾ?"

"ನೋಡಿದ್ರು ಕಣಣ್ಣಾ. ನೋಡಿ, ಅಬ್ಬಬ್ಬಾ ಹನ್ನೆರಡು ನಿಮಿಷದೋನು ಹೆಂಗೆ ಎದ್ದು ನಿಂತ ನೋಡು ಅಂತ ಕಣ್ಣೊರೆಸ್ಕೊಂಡ್ರು."

ಕೆಂಚೇಶ ನಗುತ್ತಾ ಫೋನಿಟ್ಟ. ಮುದುಕ ಮಂಡಕ್ಕಿಯ ಪೊಟ್ಟಣ ಮಡಚಿ, ಬಹಳ ಮೆತ್ತಗೆ ಕೇಳಿದ, "ತಮ್ಮಾ, ಮನಿಯಾಗೆ ದೊಡ್ಡೋರು ಯಾರಾದ್ರೂ ಅದಾರಾ?"

"ಅದಾರಜ್ಜಾ, ಯಾಕೆ?"

"ಒಂದು ಸಲ ಆಸ್ಪತ್ರಿಗೆ ತೋರಿಸಾಕೆ ಹೇಳು. ತಾನೇನು ಮಾಡ್ತಿದೀನಿ ಅಂತ ಬ್ಯಾರೆಯೋರನ್ನ ಫೋನ್ನಾಗೆ ಕೇಳೋದು ಒಳ್ಳೇ ಲಕ್ಷಣ ಅಲ್ಲ." ಅಷ್ಟು ಹೇಳಿ ಅವನು ಹಿಂದಿನ ಸೀಟಿಗೆ ಹೋಗಿ ಕೂತ. ಕೆಂಚೇಶ ಕಾಲು ಚಾಚಿಕೊಂಡ.

ಸವಳಂಗದ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಬಾಗಿಲಲ್ಲೇ ಅಂಬಿಕಾ ಸಿಕ್ಕಳು. ನೇರಳೆ ಸೀರೆ, ಮುಡಿತುಂಬ ಮಲ್ಲಿಗೆ. ಗಂಡನನ್ನು ಕಂಡದ್ದೇ ಅವಳ ಮುಖ ಅರಳಿತು.

"ಬಂದ್ರಾ! ಮುಖಾನೂ ತಂದೀರಿ!"

"ನೀನು ಹೇಳಿದ ಮ್ಯಾಲೆ ತರದೇ ಇರ್ತೀನಾ?"

ಅಂಬಿಕಾ ಅವನನ್ನು ಒಳಗೆ ಎಳೆದುಕೊಂಡು ಹೋಗಿ, ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ ಹೊಸ ಅಂಗಿ ತೊಡಿಸಿ, ತಾನೇ ಗುಂಡಿ ಹಾಕಿ, ಹಣೆಗೆ ಕುಂಕುಮ ಇಟ್ಟಳು. ಇಷ್ಟು ಆರೈಕೆ ಅವನಿಗೆ ತನ್ನ ಮದುವೆಯ ದಿನವೂ ಆಗಿರಲಿಲ್ಲ. ನಡುಮನೆಯಲ್ಲಿ ಲಕ್ಷ್ಮೀದೇವಿ ಕೈತುಂಬ ಹಸಿರು ಬಳೆ ಹಾಕಿಕೊಂಡು ಕೂತಿದ್ದಳು. ಆರತಿ ಆಗುತ್ತಿದ್ದಂತೆ ಜೋಡಿ ಜೋಡಿಯಾಗಿ ಫೋಟೊ ಅಂತ ಫೋಟೊದವನು ಹೇಳಿದ್ದ. ಊಟಕ್ಕೆ ಮೊದಲ ಸಾಲಿನಲ್ಲಿ ಹಿರಿಯ ಅಳಿಯನಿಗೆ ಅಂತ ಒಂದು ಮಣೆ ಹಾಕಿ, ಸುತ್ತ ರಂಗೋಲಿ ಬಿಟ್ಟಿದ್ದರು. ಕೆಂಚೇಶ ಆ ಮಣೆಯನ್ನು ಎರಡು ಸಲ ಹೋಗಿ ನೋಡಿ ಬಂದ.

ಅಷ್ಟರಲ್ಲಿ ಮಾವ ಉಚ್ಚಂಗೆಪ್ಪ ಅವನನ್ನು ಪಕ್ಕಕ್ಕೆ ಕರೆದರು. "ಅಳಿಯಂದ್ರೇ, ಒಂದು ಎಡವಟ್ಟಾಗೈತ್ರಿ. ನಾನು ಬೀಗರಿಗೆ ಅಂತ ಅಡುಗೆ ಮಾಡಿಸ್ದೆ. ಊರಿಗೆ ಊರೇ ಬಂದು ಕುಂತೈತೆ."

"ಅಯ್ಯಯ್ಯೋ, ಈಗೇನು ಮಾಡೋದ್ರೀ ಮಾವಾರೇ?"

"ಚಿಂತಿ ಮಾಡಬ್ಯಾಡ್ರಿ. ವ್ಯವಸ್ಥಾ ಮಾಡೀನಿ. ಮದುವಿ ಊಟ ಉಳಿದಿರ್ತೈತಲ್ಲ ಅಂತ ಫೋನ್ ಮಾಡ್ದೆ. ಧರ್ಮಾತ್ಮ ಮನುಷ್ಯ ನೋಡ್ರಿ, ವ್ಯಾನಿನಾಗೆ ಹಾಕ್ಕೊಂಡು ನಾನೇ ಬರ್ತೀನಿ ಅಂದ್ರು."

ಕೆಂಚೇಶನ ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತು. "ಯಾರಿಗೆ ಫೋನ್ ಮಾಡಿದ್ರಿ?"

"ಮತ್ತಿನ್ಯಾರಿಗೆ, ನಿಮ್ಮ ಸಾವ್ಕಾರ್ರಿಗೇ!"

"ನಾನಿಲ್ಲಿ ಬಂದಿರೋದು ಹೇಳಿದ್ರಾ?"

"ಹೇಳಾಕೆ ಹೋದೆ. ಅಷ್ಟೊತ್ತಿಗೆ ಫೋನಿಟ್ಬಿಟ್ರು."

ಹೊರಗೆ ವ್ಯಾನಿನ ಹಾರನ್ ಕೇಳಿಸಿತು. ಕೆಂಚೇಶನಿಗೆ ಆ ಹಾರನ್ ಚೆನ್ನಾಗಿ ಗೊತ್ತು. ಅದನ್ನು ರಿಪೇರಿ ಮಾಡಿಸಿದವನೇ ಅವನು.

ಅವನು ಎಲ್ಲಿ ಹೋದ ಅಂತ ಯಾರಿಗೂ ತಿಳಿಯಲಿಲ್ಲ. ಇತ್ತ ರಘುನಾಥರು ಹೋಳಿಗೆಯ ಬುಟ್ಟಿ, ಸಾರಿನ ಡಬರಿ ಇಳಿಸಿ, ನಡುಮನೆಗೆ ಬಂದು, ಉಚ್ಚಂಗೆಪ್ಪನವರ ಮುಂದೆ ಫೋನು ಹಿಡಿದು ಕೂತಿದ್ದರು. "ನಿಮ್ಮ ಅಳಿಯ ಚಿನ್ನ ಕಣ್ರೀ. ನೋಡ್ರಿ, ಈ ಕ್ಷಣದಾಗೆ ಹೊನ್ನಾಳ್ಯಾಗೆ ಏಳು ಕೆಲ್ಸ ಮಾಡ್ತಾ ಅದಾನೆ. ಪಾಪ, ಕುಬುಸಕ್ಕೆ ಹೋಗ್ತೀನಿ ಅಂದ. ಫೋನು ಬ್ಯಾಡ ಅಂತು. ಬಾಯಿ ಮುಚ್ಕೊಂಡು ದುಡಿಯಾಕೆ ಹತ್ತಿದ."

ಉಚ್ಚಂಗೆಪ್ಪನವರು ಫೋನು ನೋಡಿದರು, ಖಾಲಿ ಮಣೆ ನೋಡಿದರು, ಏನೋ ಹೇಳಲು ಬಾಯಿ ತೆರೆದು, ಅಳಿಯನ ಮುಖ ನೆನೆದು ಬಾಯಿ ಮುಚ್ಚಿದರು. ಆದರೆ ಅಂಬಿಕಾಗೆ ಇದೇನೂ ಗೊತ್ತಿಲ್ಲವಲ್ಲ? ಫೋಟೊದವನು ಜೋಡಿ ಬರ್ರೀ ಅಂತ ಕೂಗುತ್ತಿದ್ದ. ಅವಳು ಮನೆಯೆಲ್ಲ ಹುಡುಕಿ, ಕೊನೆಗೆ ಮೂಲೆಯಲ್ಲಿ ಪೇರಿಸಿಟ್ಟ ಹಾಸಿಗೆಗಳ ಹಿಂದೆ ಒಂದು ಗುರುತಿನ ಪಾದ ಕಂಡು, ಹಿಡಿದು ಎಳೆದಳು.

"ಇಲ್ಲೇನು ಮಾಡ್ತೀರಿ? ಫೋಟೊ ತೆಗೀತಾರೆ, ಬರ್ರಿ!"

ತಲೆತುಂಬ ಹತ್ತಿಯ ಎಳೆ ಮೆತ್ತಿಕೊಂಡು ಕೆಂಚೇಶ ಹೊರಗೆ ಬಂದ. ಎದುರಿಗೆ ರಘುನಾಥರು.

ರಘುನಾಥರು ಕೆಂಚೇಶನನ್ನು ನೋಡಿದರು. ಫೋನು ನೋಡಿದರು. ಅದು 'ಕೆಂಚೇಶ್, ಹಂಡೆ ತೊಳೆಯುವುದು, ನಡೆಯುತ್ತಿದೆ' ಅನ್ನುತ್ತಿತ್ತು. ಕನ್ನಡಕ ಒರೆಸಿ ಮತ್ತೆ ಇವನನ್ನು ನೋಡಿದರು. ಕೆಂಚೇಶ ಬಾಯಿ ತೆರೆದ. ನಿಜ ಹೇಳಿದರೆ ಕರಿಬಸಕ್ಕ, ರಸೂಲ್, ಕಾಯಿಯವಳು ಎಲ್ಲರೂ ಸಿಕ್ಕಿಬೀಳುತ್ತಾರೆ ಅಂತ ಹೊಳೆದು ಮತ್ತೆ ಮುಚ್ಚಿದ.

"ಉಚ್ಚಂಗೆಪ್ನೋರೇ," ಅಂದರು ರಘುನಾಥರು ನಿಧಾನವಾಗಿ, "ಈ ಹುಡುಗ ಥೇಟ್ ನಮ್ಮ ಕೆಂಚೇಶಿ ಥರಾನೇ ಅದಾನಲ್ರೀ. ಮೂಗು ಸೈತ ಅದೇ. ಆದ್ರೆ ಕೆಂಚೇಶಿ ಅಲ್ಲ. ಕೆಂಚೇಶಿ ಹೊನ್ನಾಳ್ಯಾಗೆ ಅದಾನೆ, ಫೋನು ಹೇಳ್ತೈತೆ. ಏನಪ್ಪಾ ತಮ್ಮಾ, ನೀನು ಕೆಂಚೇಶಿನಾ?"

ಕೆಂಚೇಶ ಅಂಬಿಕಾಳ ಕಡೆ ನೋಡಿದ, ಮಾವನ ಕಡೆ ನೋಡಿದ. "ಅಲ್ರೀ," ಅಂದ.

ಅಂಬಿಕಾ ಕೆನ್ನೆಗೆ ಕೈ ಹೊತ್ತು ನಿಂತಳು.

"ನಾನೂ ಅದನ್ನೇ ಅಂದೆ. ಒಳ್ಳೇದಾತು ಬಿಡು. ನನ್ನ ಜನ ಎಲ್ಲಾ ಅಲ್ಲಿ ದುಡೀತಾ ಅದಾರೆ, ಇಲ್ಲಿ ಬಡಿಸೋರು ಒಬ್ರೂ ಇಲ್ಲ. ನೀನು ಯಾರೋ ಏನೋ, ಕೈ ನೋಡಿದ್ರೆ ಬಡಿಸೋ ಕೈ ಇದ್ದಂಗೈತೆ. ತಗೋ, ಈ ಬಕೀಟು ಹಿಡಿ."

ಕೆಂಚೇಶ ಬಕೀಟು ಹಿಡಿದ. ಊರಿಗೆ ಊರೇ ಉಂಡಿತು. ಸಾರು ಅಂದರು, ಸಾರು ಬಿಟ್ಟ. ತುಪ್ಪ ಅಂದರು, ತುಪ್ಪ ಬಿಟ್ಟ. ಹಿರಿಯ ಅಳಿಯನ ರಂಗೋಲಿ ಮಣೆ ಖಾಲಿ ಇರಬಾರದು ಅಂತ ಯಾರೋ ರಘುನಾಥರನ್ನು ಕೂರಿಸಿದರು. ಅವರು ಕರಿಬಸಮ್ಮನ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, "ಸಾಕಪ್ಪಾ, ಸಾಕು, ಇನ್ನೊಂದು ಹಾಕು" ಅಂದರು. ಫೋಟೊದವನು ಕಾದು ಕಾದು ಸಾಕಾಗಿ, "ಎಲ್ರೂ ನಿಂತ್ಕೊಳ್ರಿ, ಒಂದೇ ಫೋಟೊ, ನಾನು ಹೋಗ್ಬೇಕು" ಅಂತ ಮನೆಯವರನ್ನೆಲ್ಲ ಒಟ್ಟಿಗೆ ನಿಲ್ಲಿಸಿ ಕ್ಲಿಕ್ ಅನ್ನಿಸಿದ. ಆ ಹೊತ್ತಿಗೆ ಕೆಂಚೇಶ ಮೂರನೇ ಸಾಲಿಗೆ ಸಾರು ಬಿಡುತ್ತಿದ್ದ.

ರಾತ್ರಿ ಪಾತ್ರೆಯ ಹತ್ತಿರ ಕೂತು ಅವನು ಅನ್ನ ಕಲಸಿಕೊಂಡಾಗ ಅಂಬಿಕಾ ಬಂದು ಪಕ್ಕದಲ್ಲಿ ಕೂತಳು. ಬೈಯುತ್ತಾಳೆ ಅಂತ ಅವನು ತಲೆ ತಗ್ಗಿಸಿದ. ಅವಳು ಹತ್ತಿಯ ಎಳೆಗಳನ್ನು ಅವನ ತಲೆಯಿಂದ ಒಂದೊಂದಾಗಿ ತೆಗೆದಳು. ಆಮೇಲೆ ಅವಳಿಗೆ ನಗು ಬಂತು. ಎಷ್ಟು ನಕ್ಕಳೆಂದರೆ ಮುಡಿದ ಮಲ್ಲಿಗೆ ಅವನ ಎಲೆಗೆ ಉದುರಿತು. "ಅಲ್ರೀ ಅಂತೀರಲ್ರೀ! ಗಂಡ ಅಂತ ಒಬ್ರನ್ನ ಕಟ್ಕೊಂಡೆ, ಅವ್ರೂ ನಾನಲ್ಲ ಅಂದುಬಿಟ್ರು!" ಕೆಂಚೇಶನೂ ನಕ್ಕ. ನಗದೇ ಇನ್ನೇನು ಮಾಡುವುದು.

ಮರುದಿನ ಬೆಳಿಗ್ಗೆ ಅವನು ಹೊನ್ನಾಳಿಗೆ ಬರುವಾಗ ಅಂಬಿಕಾಳ ವಾಟ್ಸಾಪ್ ಬಂದಿತ್ತು. ಮನೆಯವರೆಲ್ಲ ಇದ್ದ ಫೋಟೊ. ನಡುವೆ ಲಕ್ಷ್ಮೀದೇವಿ, ಪಕ್ಕದಲ್ಲಿ ಅಂಬಿಕಾ, ಅವರ ಹಿಂದೆ ಮನೆಯ ಹಿರಿಯರಂತೆ ನಗುತ್ತಾ ನಿಂತ ರಘುನಾಥರು. ಬಲಗಡೆ ಅಂಚಿನಲ್ಲಿ ಒಂದು ಕೈ, ಮೊಣಕೈವರೆಗೆ, ಬಕೀಟು ಸಮೇತ. ಕೆಳಗೆ ಅವಳು ಬರೆದಿದ್ದಳು: 'ಈ ಸಲ ಹೊಸ ಅಂಗಿ ತೋಳಾದ್ರೂ ಬಂದೈತೆ.'

ಮಂಟಪದ ಮುಂದೆ ಹೂವಿನ ಅಲಂಕಾರ ಮಾಡಿದ ಗಾಡಿ ನಿಂತಿತ್ತು. ಹೆಣ್ಣು ಅಳುತ್ತಾ ಗಾಡಿ ಹತ್ತಿದಳು, ಗಾಡಿ ಹೊರಟಿತು. ಕರಿಬಸಮ್ಮ ಕಣ್ಣೊರೆಸಿಕೊಂಡು ಅಡುಗೆ ಕೋಣೆಗೆ ಬಂದು, "ಈಗ ಒತ್ರಪ್ಪ, ಈಗ ಮುಗೀತು ಅನ್ನಬೌದು" ಅಂದಳು. ಎಲ್ಲರೂ ತಮ್ಮ ತಮ್ಮ 'ಮುಗಿಯಿತು' ಒತ್ತಿದರು. ಕೊನೆಯಲ್ಲಿ ಕೆಂಚೇಶ ಹೋದ. ದಾರಿಯಲ್ಲಿ ಯಾರೂ ತಡೆಯಲಿಲ್ಲ, ಕೈಯಲ್ಲಿ ಹಿಟ್ಟೂ ಇರಲಿಲ್ಲ. ಏಳು ಕಡೆ ಅವನ ಮುಖ ಹಸಿರಾಗಿ ನಗುತ್ತಿತ್ತು.

"ತಡಿ," ಅಂತ ಹಿಂದಿನಿಂದ ಧ್ವನಿ ಬಂತು. ರಘುನಾಥರು. ರಸೂಲ್ ಒಲೆಯ ಹಿಂದೆ ಸರಿದ.

"ಕೆಂಚೇಶಿ, ನಿನ್ನೆ ಮಧ್ಯಾಹ್ನದಿಂದ ಈ ಹೊತ್ತಿಗೆ ನೀನು ನೂರಾ ಮೂವತ್ತು ತಾಸು ದುಡಿದೀಯ."

"ಸಾವ್ಕಾರ್ರೆ, ಅದೂ..."

"ಏನೂ ಹೇಳಬ್ಯಾಡ. ನಾಡಿದ್ದು ಚನ್ನಗಿರ್ಯಾಗೊಂದು ಮದುವಿ, ಜಗಳೂರಿನಾಗೊಂದು. ಎರಡೂ ಒಂದೇ ಮುಹೂರ್ತ. ಜನ ಸಾಲಲ್ಲ, ಒಂದು ಬಿಟ್ಟುಬಿಡಾನ ಅಂತಿದ್ದೆ. ನಿನ್ನೆ ಸಾಯಂಕಾಲ ಎರಡೂ ಒಪ್ಕೊಂಡೆ. ಎರಡಕ್ಕೂ ನಿನ್ನ ಹೆಸರೇ ಹಾಕೀನಿ."

"ಎರಡ್ರಾಗೂ ಹೆಂಗೆ ಇರೋದ್ರೀ ನಾನು? ಯಾವುದಾದ್ರೂ ಒಂದು..."

"ನನಗೇ ಹೇಳ್ತೀಯಾ?" ರಘುನಾಥರು ಅವನ ಹೆಗಲ ಮೇಲೆ ಕೈ ಹಾಕಿದರು. "ಒಂದೇ ಹೊತ್ತಿಗೆ ಹೊನ್ನಾಳ್ಯಾಗೆ ಹಂಡೆ ತೊಳೀತಿದ್ದೆ, ಸವಳಂಗದಾಗೆ ಸಾರು ಬಡಿಸ್ತಿದ್ದೆ. ಫೋನ್ನಾಗೂ ನೋಡೀನಿ, ಕಣ್ಣಾರೆನೂ ನೋಡೀನಿ. ಅದೂ ಅಲ್ದೆ, ಆ ಇನ್ನೊಬ್ಬ ಎಷ್ಟು ಚಂದ ಬಡಿಸಿದ ಅಂತೀಯ!"

ಕೆಂಚೇಶ ಕರಿಬಸಮ್ಮನ ಕಡೆ ನೋಡಿದ. ಅವಳು ಸೌಟು ಒರೆಸುವುದರಲ್ಲಿ ಮಗ್ನಳಾಗಿದ್ದಳು. ಅವನು ನಿಟ್ಟುಸಿರು ಬಿಟ್ಟು, ಕಡೇ ಪಕ್ಷ ಇದನ್ನಾದರೂ ನಿಲ್ಲಿಸೋಣ ಅಂತ ಫೋನಿನ 'ಮುಗಿಯಿತು' ಕಡೆ ಬೆರಳು ಚಾಚಿದ.

ರಘುನಾಥರು ಮೊಳೆಯಿಂದ ಫೋನನ್ನು ತೆಗೆದು ಜೇಬಿಗೆ ಹಾಕಿಕೊಂಡರು.

"ಒತ್ತಬ್ಯಾಡ, ಓಡ್ಲಿ ಬಿಡು," ಅಂದರು. "ಜಗಳೂರಿಗೆ ಮತ್ತೆ ಮೊದ್ಲಿಂದ ಯಾರು ಒತ್ತುತಾರೆ?"